ತೂಕದ ಕೋಣೆ

ಭಾರ ಎತ್ತುವುದಕ್ಕೆ ಮೊದಲೇ ಅವಳು ಹೊತ್ತು ಸುಸ್ತಾಗಿರುತ್ತಿದ್ದಳು.

ವಿಶ್ವವಿದ್ಯಾಲಯದ ಜಿಮ್ಮು ಹುಡುಗರದು. ಬಾಗಿಲ ಮೇಲೆ ಹಾಗೆಂದು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಹುಡುಗಿಯರ ವೇಟ್‌ಲಿಫ್ಟಿಂಗ್ ತಂಡದ ಕಬ್ಬಿಣದ ಬಾರು, ಅದಕ್ಕೆ ಏರಿಸುವ ಪ್ಲೇಟು ಎಲ್ಲ ಸ್ಟೇಡಿಯಂ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮುರಿದ ಕುರ್ಚಿಗಳ ಹಿಂದೆ ಬಿದ್ದಿರುತ್ತಿದ್ದವು. ದಿನಾ ಬೆಳಗ್ಗೆ ಒಂದೊಂದೇ ಪ್ಲೇಟನ್ನು ಎದೆಗೆ ಅವಚಿಕೊಂಡು ಮೆಸ್ಸಿನ ಹಿಂದಿನ ಅಂಗಳಕ್ಕೆ ತರಬೇಕು. ಅಲ್ಲಿ ಮರದ ಹಲಗೆ ಹಾಸಿಕೊಂಡು ಅಭ್ಯಾಸ ಮಾಡಬೇಕು. ಮುಗಿದ ಮೇಲೆ ಮತ್ತೆ ಹೊತ್ತು ಗೂಡಿಗೆ ಸೇರಿಸಬೇಕು. ಮೆಸ್ಸಿನವರು ಪಾತ್ರೆ ತೊಳೆದ ನೀರು ಅದೇ ಅಂಗಳಕ್ಕೆ ಹರಿಯುತ್ತಿತ್ತು. ಕಾಲು ಜಾರಿದರೆ ಬಾರು ಕುತ್ತಿಗೆಯ ಮೇಲೆ.

ಹಾಸ್ಟೆಲ್ಲಿನಲ್ಲಿ ಅವಳನ್ನು ದಿಮ್ಮಿ ಅನ್ನುತ್ತಿದ್ದರು. ಮೊದಮೊದಲು ಅದು ಹಂಗಿಸಲು ಇಟ್ಟ ಹೆಸರು. ಅವಳೇ ಅದನ್ನು ತನ್ನ ಬಕೆಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದುಕೊಂಡ ಮೇಲೆ ಹಂಗಿಸುವವರಿಗೆ ಮಜಾ ಹೋಯಿತು.

ಒಮ್ಮೆ ಅವಳೂ, ತಂಡದ ಕಿರಿಯ ಹುಡುಗಿ ಕಡ್ಡಿಯೂ ಸೇರಿ ಕ್ರೀಡಾ ಡೈರೆಕ್ಟರರ ಕೋಣೆಗೆ ಹೋದರು. ಕೋಚ್ ಸರ್ ಕೂಡ ಹಿಂದೆ ನಿಂತಿದ್ದರು. ತಮಗೂ ಒಂದು ತೂಕದ ಕೋಣೆ ಬೇಕು ಎಂದು ಕೇಳಿದರು.

"ಹುಡುಗೀರಿಗೆ ಬ್ಯಾಡ್ಮಿಂಟನ್ ಇದೆ, ಥ್ರೋಬಾಲ್ ಇದೆ. ನೋಡೋಕೂ ಲಕ್ಷಣವಾಗಿರುತ್ತೆ," ಎಂದರು ಡೈರೆಕ್ಟರ್. "ನಿಮಗ್ಯಾಕಮ್ಮ ಈ ಹಮಾಲಿ ಕೆಲಸ?"

"ಹಮಾಲಿ ಕೆಲಸ ಮಾಡಿಸ್ತಿರೋರು ನೀವೇ ಸಾರ್," ಎಂದಳು ದಿಮ್ಮಿ. "ದಿನಾ ಹೊರ್ತಿದ್ದೀವಲ್ಲ."

ಕೋಚ್ ಸರ್ ಹಿಂದಿನಿಂದ ಅವಳ ಅಂಗಿ ಜಗ್ಗಿದರು. ಕೋಣೆ ಸಿಗಲಿಲ್ಲ.

ಅವಳ ರೂಮಿನಲ್ಲಿದ್ದವಳು ಲಾಯರಮ್ಮ. ಕಾನೂನು ಓದುತ್ತಿದ್ದಳು, ಅದಕ್ಕೇ ಆ ಹೆಸರು. ಅವಳ ಬಾಯಿ ಒಂದು ಊರಿಗೆ ಸಾಕು. ಒಂದು ಬೆಳಗ್ಗೆ ದಿಮ್ಮಿ ಬೀಗದ ಕೈ ಮರೆತು ಹೋಗಿದ್ದಳೆಂದು ಲಾಯರಮ್ಮ ಮೆಸ್ಸಿನ ಹಿಂದಕ್ಕೆ ಬಂದಳು. ಪ್ಲೇಟು ಹೊರುತ್ತಿರುವುದನ್ನು ನೋಡಿ ತಾನೂ ಒಂದಕ್ಕೆ ಕೈ ಹಾಕಿದಳು. ಮೊಣಕಾಲಿನವರೆಗೆ ಎತ್ತಿದಳು, ಆಮೇಲೆ ಕೈಬಿಟ್ಟಳು. ಕಾಲಿನ ಹೆಬ್ಬೆರಳು ಕೂದಲೆಳೆಯಲ್ಲಿ ಉಳಿಯಿತು. ಕೊಚ್ಚೆ ನೀರು ಮುಖಕ್ಕೆ ಸಿಡಿಯಿತು.

"ಇದನ್ನ ದಿನಾ ಹೊರ್ತೀರೇನೇ? ಕತ್ತೆಗಳೂ ಒಂದು ದಿನ ಒದೀತಾವೆ!" ಎಂದಳು. ಮುಖ ಒರೆಸಿಕೊಳ್ಳುತ್ತಲೇ, "ಯೂನಿಯನ್ ಎಲೆಕ್ಷನ್‌ಗೆ ನಾನು ನಿಲ್ತೀನಿ. ಇದೊಂದೇ ವಿಷಯ ಹಿಡ್ಕೊಂಡು ನಿಲ್ತೀನಿ. ನಿನ್ನ ಹತ್ರ ಭುಜ ಇದೆ, ನನ್ನ ಹತ್ರ ಬಾಯಿ ಇದೆ. ಎರಡೂ ಸೇರಿದ್ರೆ ಇವರ ಲೆಕ್ಕದಲ್ಲಿ ಒಂದು ಗಂಡಸಿಗೆ ಸಮ ಆಗ್ತೀವಿ," ಎಂದು ನಕ್ಕಳು.

ನಿಂತೇಬಿಟ್ಟಳು. ಲೈಬ್ರರಿ ಮುಂದೆ ವೇದಿಕೆ ಹಾಕಲು ಆಫೀಸಿನವರು ಪರ್ಮಿಷನ್ ಕೊಡಲಿಲ್ಲ. ದಿಮ್ಮಿಯೇ ವೇದಿಕೆಯಾದಳು. ಊಟದ ಹೊತ್ತಿಗೆ ಲಾಯರಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ನೆಟ್ಟಗೆ ನಿಲ್ಲುತ್ತಿದ್ದಳು. ಮೇಲಿನಿಂದ ಭಾಷಣ. ಹುಡುಗಿಯರಿಗೆ ತೂಕದ ಕೋಣೆ ಬೇಕು, ಹಾಸ್ಟೆಲ್ ಗೇಟಿಗೆ ಬೀಗ ಬೇಡ, ನಮ್ಮ ಮೈ ನಮ್ಮದು. ಭಾಷಣ ಉದ್ದವಾದರೆ ದಿಮ್ಮಿ ಕೆಳಗಿನಿಂದ ಅವಳ ಕಾಲು ಚಿವುಟುತ್ತಿದ್ದಳು. ಮೇಲಿನವಳು "ಅಯ್ಯೋ" ಎಂದಾಗ ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು. ನಕ್ಕವರು ಓಟು ಹಾಕಿದರು. ಲಾಯರಮ್ಮ ಪ್ರೆಸಿಡೆಂಟ್ ಆದಳು. ಆ ದಿನವೂ ಅವಳು ಹೆಗಲ ಮೇಲೇ ಕೂತು ಕ್ಯಾಂಪಸ್ ಸುತ್ತಿದಳು. ದಿಮ್ಮಿಗೆ ಭಾರ ಅನ್ನಿಸಲಿಲ್ಲ.

ಈ ಆಟದಲ್ಲಿ ಎತ್ತುವ ಭಾರ ಎಷ್ಟು ಮುಖ್ಯವೋ ಎತ್ತುವವರ ಮೈತೂಕವೂ ಅಷ್ಟೇ ಮುಖ್ಯ. ಮೈತೂಕದ ಪ್ರಕಾರ ವರ್ಗ, ವರ್ಗಕ್ಕೊಂದು ಪದಕ. ಎಲೆಕ್ಷನ್ ಮುಗಿಯುವ ಮೊದಲೇ ಕೋಚ್ ಸರ್ ದಿಮ್ಮಿಯನ್ನು ಕರೆದಿದ್ದರು. "ಅಂತರ ವಿಶ್ವವಿದ್ಯಾಲಯ ಪಂದ್ಯದಲ್ಲಿ ನಿನ್ನ ವರ್ಗಕ್ಕೆ ಪೈಪೋಟಿ ಜಾಸ್ತಿ. ಒಂದು ವರ್ಗ ಕೆಳಗೆ ಇಳಿ. ಚಿನ್ನ ಅಲ್ಲಿ ಇಟ್ಟ ಹಾಗಿದೆ, ಹೋಗಿ ಎತ್ಕೊಂಡು ಬರೋದಷ್ಟೇ," ಎಂದಿದ್ದರು.

ಇಳಿದಳು. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಇಳಿದಳು. ಉರಿಬಿಸಿಲಲ್ಲಿ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಓಡಿದಳು. ಬಾಯಾರಿದರೆ ನೀರು ಮುಕ್ಕಳಿಸಿ ಉಗುಳಿದಳು. ಕೋಚ್ ಸರ್ ತೂಕ ನೋಡುವ ಹಿಂದಿನ ದಿನ ಲೋಟ ಹಿಡಿದು ಕೂತು, ಎಂಜಲು ಉಗುಳಿ ಉಗುಳಿ ಮೈಯೊಳಗಿನ ನೀರು ಬಸಿದಳು. ಲಿಫ್ಟರುಗಳೆಲ್ಲ ಮಾಡುವುದೇ ಅದು. ಕೋಚ್ ಸರ್ ಪಕ್ಕದಲ್ಲಿ ನಿಂತು "ಇನ್ನೂ, ಇನ್ನೂ" ಅನ್ನುತ್ತಿದ್ದರು. ಮೈತೂಕ ಇಳಿಯಿತು. ಅದರ ಜೊತೆ ಮುಟ್ಟೂ ನಿಂತಿತು.

ಒಂದು ಭಾನುವಾರ ಮಧ್ಯಾಹ್ನ ಹಾಸ್ಟೆಲ್ ತಾರಸಿಯ ಮೇಲೆ ಇಬ್ಬರೂ ಬಟ್ಟೆ ಒಣಗಿಸುತ್ತಿದ್ದರು. ಪ್ಯಾಡಿನ ಪ್ಯಾಕೆಟ್ಟನ್ನು ಇಬ್ಬರೂ ಸೇರಿ ತರುತ್ತಿದ್ದರು. ಲಾಯರಮ್ಮನೇ ಗಮನಿಸಿದ್ದಳು.

"ಏನೇ, ನಿನ್ನ ಪಾಲಿನದು ಹಾಗೇ ಉಳಿದಿದೆ? ಎಲ್ಲಾದ್ರೂ ಎಡವಟ್ಟು ಮಾಡ್ಕೊಂಡ್ಯಾ?"

"ಥೂ, ಎಡವಟ್ಟು ಮಾಡ್ಕೊಳೋಕೆ ಪುರುಸೊತ್ತೆಲ್ಲಿದೆ ನಂಗೆ? ತೂಕ ಇಳಿಸಿದಾಗಿಂದ ಆಗಿಲ್ಲ. ನಾಲ್ಕು ತಿಂಗಳಾಯ್ತು. ಕೋಚ್ ಸರ್‌ಗೆ ಹೇಳ್ದೆ, ಪಂದ್ಯ ಮುಗಿದ ಮೇಲೆ ತಾನಾಗೇ ಸರಿಹೋಗುತ್ತೆ ಅಂದ್ರು." ಸ್ವಲ್ಪ ತಡೆದು, "ಯಾರ ಹತ್ರಾನೂ ಹೇಳಬೇಡ," ಎಂದಳು.

"ಹೇಳಿದ್ರೆ ನನ್ನ ನಾಲಿಗೆ ಸೇದಿ ಹೋಗ್ಲಿ," ಎಂದಳು ಲಾಯರಮ್ಮ. ಒದ್ದೆ ಟವೆಲ್ಲಿನಿಂದ ಅವಳ ಬೆನ್ನಿಗೊಂದು ಬಾರಿಸಿದಳು.

ಎಲೆಕ್ಷನ್ನಿನಲ್ಲಿ ಸೋತವರು ಸುಮ್ಮನೆ ಕೂರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವರು ಸೋತದ್ದು ಲಾಯರಮ್ಮನ ಎದುರು, ಬರೆ ಬಿದ್ದದ್ದು ದಿಮ್ಮಿಗೆ. ಕ್ಯಾಂಪಸ್ಸಿನ ಗೋಡೆಗಳ ಮೇಲೆ ಒಂದು ಬೆಳಗ್ಗೆ ಪೋಸ್ಟರು ಬಂತು. ದಿಮ್ಮಿಯ ಫೋಟೋ. ತುಟಿಯ ಮೇಲೆ ಮೀಸೆ ಬರೆದಿದ್ದರು. ಕೆಳಗೆ, 'ಹುಡುಗಿಯರ ಹಾಸ್ಟೆಲ್ಲಿನಲ್ಲಿ ಸ್ನಾನ ಮಾಡುತ್ತಿರುವವರು ಯಾರು?' ಎಂಬ ಪ್ರಶ್ನೆ. ಆಫೀಸಿಗೂ ದೂರು ಹೋಗಿತ್ತು. ಗಂಡಸನ್ನು ಹುಡುಗಿಯರ ತಂಡದಲ್ಲಿ ಇಟ್ಟುಕೊಂಡಿದ್ದಾರೆ, ವಿಚಾರಣೆ ಆಗಲಿ ಎಂದು.

ಪೋಸ್ಟರಿಗಿಂತ ಬಾತ್‌ರೂಮು ಕೆಟ್ಟದ್ದಾಗಿತ್ತು. ಅವಳು ಬಕೆಟ್ ಹಿಡಿದು ಒಳಗೆ ಕಾಲಿಟ್ಟರೆ ಯಾರೋ ಕೂಗುತ್ತಿದ್ದರು. "ಗಂಡಸು ಬಂತು, ಬಟ್ಟೆ ಹಾಕ್ಕೊಳ್ರೇ!" ನಲ್ಲಿಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಚಿಲಕಗಳು ಬೀಳುತ್ತಿದ್ದವು. ಅವಳ ಹೆಗಲ ಮೇಲಿನ ಭಾಷಣಕ್ಕೆ ಚಪ್ಪಾಳೆ ತಟ್ಟಿದ ಕೈಗಳೇ ಅವು. ದಿಮ್ಮಿ ಬಕೆಟ್ಟನ್ನು ರೂಮಿಗೆ ತಂದು ಮೂಲೆಯಲ್ಲಿ ಕೂತು ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳುವುದನ್ನು ಕಲಿತಳು.

ಮೊದಲ ದಿನ ಲಾಯರಮ್ಮ ಕಂಡ ಕಂಡ ಪೋಸ್ಟರನ್ನೆಲ್ಲ ಉಗುರಿನಲ್ಲಿ ಕೆರೆದು ಹರಿದಳು. ಉಗುರು ಸೀಳಿ ರಕ್ತ ಬಂತು. "ಇವರನ್ನ ಕೋರ್ಟಿಗೆ ಎಳೀತೀನಿ," ಎಂದಳು. ಮರುದಿನ ಡೈರೆಕ್ಟರ್ ಅವಳನ್ನು ಮಾತಿಗೆ ಕರೆದರು. ವಾಪಸು ಬಂದವಳು ಕೋರ್ಟಿನ ಸುದ್ದಿ ಎತ್ತಲಿಲ್ಲ. ತಲೆನೋವು ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆಗಿನ್ನೂ ಮಧ್ಯಾಹ್ನ.

ವಿಚಾರಣೆ ಡೈರೆಕ್ಟರರ ಕೋಣೆಯಲ್ಲೇ ನಡೆಯಿತು. ಡೈರೆಕ್ಟರ್, ಹಾಸ್ಟೆಲ್ ವಾರ್ಡನ್, ಮಹಿಳಾ ಘಟಕದ ಮೇಡಂ. ಪಕ್ಕದ ಕುರ್ಚಿಯಲ್ಲಿ ಕೋಚ್ ಸರ್. ದಿಮ್ಮಿಗೆ ಕುರ್ಚಿ ಇರಲಿಲ್ಲ.

"ಕೂದಲು ಯಾಕಮ್ಮ ಇಷ್ಟು ಗಿಡ್ಡ?" ವಾರ್ಡನ್ ಕೇಳಿದರು.

"ಬಾರು ಎತ್ತೋವಾಗ ಅಡ್ಡ ಬರುತ್ತೆ."

"ಹುಡುಗರ ಸ್ನೇಹ ಇದೆಯಾ?"

"ಇದೆ ಅಂದ್ರೆ ಬೈತೀರಿ, ಇಲ್ಲ ಅಂದ್ರೆ ಅನುಮಾನ ಪಡ್ತೀರಿ. ಯಾವುದು ಹೇಳ್ಲಿ ಮೇಡಂ?"

ಡೈರೆಕ್ಟರ್ ಮುಖ ಗಂಟಿಕ್ಕಿದರು. ಮಹಿಳಾ ಘಟಕದ ಮೇಡಂ ಮಾತ್ರ ನಯವಾಗಿ ಮುಂದಕ್ಕೆ ಬಾಗಿದರು. ಅವರ ದನಿಯಲ್ಲಿ ಬೆಲ್ಲ ಇತ್ತು. "ನೋಡು ಮಗು, ನಾವೂ ಹೆಂಗಸರೇ. ನಾಲ್ಕು ತಿಂಗಳಿಂದ ನಿನಗೆ ಪೀರಿಯಡ್ಸ್ ಆಗಿಲ್ವಂತೆ, ಹೌದಾ?"

ಆ ಮಾತು ತನ್ನನ್ನು ಬಿಟ್ಟರೆ ಇಬ್ಬರಿಗೆ ಮಾತ್ರ ಗೊತ್ತು. ಒಬ್ಬರು ಇಲ್ಲೇ ಕೂತಿದ್ದರು. ದಿಮ್ಮಿ ಕೋಚ್ ಸರ್ ಕಡೆ ತಿರುಗಿದಳು.

"ಸರ್, ತೂಕ ಇಳಿಸಿದ್ದಕ್ಕೆ ಹೀಗಾಗಿರೋದು ಅಂತ ಹೇಳಿ ಸರ್. ಇಳಿಸು ಅಂದಿದ್ದು ನೀವೇ ಅಲ್ವಾ?"

ಕೋಚ್ ಸರ್ ಕೊರಳಿನ ವಿಸಲ್ಲನ್ನು ಅಂಗಿಯ ತುದಿಯಲ್ಲಿ ಒರೆಸಿದರು. "ನಾನು ಟೆಕ್ನಿಕ್ ಮಾತ್ರ ನೋಡೋದು ಮೇಡಂ. ಹೆಣ್ಣುಮಕ್ಕಳ ಪರ್ಸನಲ್ ವಿಷಯ ನನಗೇನು ಗೊತ್ತಾಗುತ್ತೆ? ಯಾವತ್ತೂ ನನ್ನ ಹತ್ರ ಇಂಥದ್ದೆಲ್ಲ ಹೇಳಿಲ್ಲ," ಎಂದರು.

ಗೊತ್ತೇ ಇಲ್ಲ ಎನ್ನುವವರು ಇವರಿಗೆ ಹೇಳಿರಲಾರರು. ಬಾಯಿ ಬಿಟ್ಟವಳು ಇನ್ನೊಬ್ಬಳು.

ತೀರ್ಮಾನ ಮೊದಲೇ ಆಗಿತ್ತು. ಹೆಲ್ತ್ ಸೆಂಟರಿನಲ್ಲಿ ಅವಳ ಮೈ ಪರೀಕ್ಷೆ ಆಗಬೇಕು. ಆಗದಿದ್ದರೆ ಆಯ್ಕೆಯ ಟ್ರಯಲ್ಸಿಗೆ ಬರುವಂತಿಲ್ಲ. ತಂಡದಲ್ಲಿ ಇಲ್ಲದವರಿಗೆ ಕ್ರೀಡಾ ಕೋಟಾದ ಹಾಸ್ಟೆಲ್ ಸೀಟೂ ಇಲ್ಲ. ಸೀಟು ಹೋದರೆ ಓದು ಹೋದಂತೆಯೇ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ರೂಮಿಗೆ ಬಂದಾಗ ಲಾಯರಮ್ಮ ಅಂಗಿಗೆ ಇಸ್ತ್ರಿ ಮಾಡುತ್ತಿದ್ದಳು.

"ನೀನೇ ಹೇಳಿದ್ಯಾ?"

ಇಸ್ತ್ರಿಪೆಟ್ಟಿಗೆ ನಿಲ್ಲಲಿಲ್ಲ. "ಕೇಳಿದ್ರು ಕಣೇ. ಪ್ರೆಸಿಡೆಂಟ್ ಆಗಿ ನಾನು ಸುಳ್ಳು ಹೇಳೋಕಾಗುತ್ತಾ?"

"ಸುಳ್ಳು ಹೇಳು ಅಂದ್ನಾ ನಾನು? ಗೊತ್ತಿಲ್ಲ ಅನ್ನಬಹುದಿತ್ತು. ನಿಮಗ್ಯಾಕೆ ಅನ್ನಬಹುದಿತ್ತು. ಊರಿಗೆಲ್ಲ ಲಾ ಪಾಯಿಂಟ್ ಹಾಕ್ತೀಯ, ನನ್ನ ಪಾಲಿಗೆ ಒಂದೂ ಸಿಗಲಿಲ್ವಾ?"

"ನೀನು ಸ್ವಲ್ಪ ತಣ್ಣಗೆ ಕೇಳು. ಈ ಗಲಾಟೆ ಮುಗಿಯೋವರೆಗೂ ಡೈರೆಕ್ಟರು ತೂಕದ ಕೋಣೆ ವಿಷಯ ಎತ್ತಲ್ಲ ಅಂದ್ರು. ಮುಗಿದ್ರೆ ಮುಂದಿನ ವಾರವೇ ಓಪನಿಂಗ್. ಹಳೇ ಸ್ಟೋರ್ ರೂಮು ಖಾಲಿ ಮಾಡಿಸ್ತಾರಂತೆ, ಹೊಸ ಬಾರು, ಹೊಸ ಪ್ಲೇಟು. ಬೇಗ ಮುಗೀಲಿ ಅಂತ ಇದ್ದದ್ದು ಇದ್ದ ಹಾಗೆ ಹೇಳ್ದೆ. ನೀನು ಒಂದು ಪರೀಕ್ಷೆ ಮಾಡಿಸ್ಕೊಂಡ್ರೆ ಆಯ್ತು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಇದರಲ್ಲಿ ನಾನು ಹಾವಾ, ಕೋಲಾ?"

ಲಾಯರಮ್ಮ ಇಸ್ತ್ರಿಪೆಟ್ಟಿಗೆ ಎತ್ತಿಟ್ಟಳು. ಈಗ ಅವಳ ದನಿಯೂ ಏರಿತು. "ನಿನ್ನೊಬ್ಬಳಿಗೋಸ್ಕರ, ಮುಂದೆ ಬರೋ ಅಷ್ಟೂ ಹುಡುಗೀರ ರೂಮು ಕಳ್ಕೊಳ್ಲಾ? ಕಡ್ಡಿ ಆ ಕೊಚ್ಚೇಲೇ ಜಾರಿ ಬೀಳ್ತಾ ಇರ್ಲಾ? ಹೇಳು."

ಮಾತು ಸರಿಯಾಗಿಯೇ ಇತ್ತು. ಅದಕ್ಕೇ ದಿಮ್ಮಿಯ ಮೈ ಉರಿಯಿತು. ಆ ಕೋಣೆಯನ್ನು ಮೊದಲು ಕೇಳಿದವಳು ತಾನು. ಅದಕ್ಕೆ ಬೆಲೆಯಾಗಿ ತೆತ್ತದ್ದೂ ತನ್ನನ್ನೇ. ತೆತ್ತವಳು ಮಾತ್ರ ಬೇರೆ.

ಅವಳ ಅಮ್ಮ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡದಲ್ಲಿ ಕೆಲಸಕ್ಕಿದ್ದಳು. ಮಿಷಿನ್ನಿಂದ ಬಂದ ಒದ್ದೆ ಚಾದರಗಳನ್ನು ಇಬ್ಬಿಬ್ಬರು ಎದುರುಬದುರು ಹಿಡಿದು ಹಿಂಡಬೇಕು. ರಕ್ತದ ಕಲೆ ಹೋಗಿರದಿದ್ದರೆ ಮತ್ತೆ ಉಜ್ಜಬೇಕು. ದಿಮ್ಮಿ ಹೋದ ದಿನ ಅಮ್ಮನ ಜೊತೆಯವಳು ರಜೆಯಲ್ಲಿದ್ದಳು. ಅಮ್ಮ ಮಗಳ ಕೈಗೆ ಚಾದರದ ತುದಿ ಕೊಟ್ಟಳು.

"ಬಿಗಿಯಾಗಿ ತಿರುಚು. ಎಂಥ ಪೈಲ್ವಾನ್ ನೀನು," ಎಂದಳು.

ತಿರುಚುತ್ತಾ ತಿರುಚುತ್ತಾ ದಿಮ್ಮಿ ಎಲ್ಲ ಹೇಳಿದಳು. ನೀರು ಇಬ್ಬರ ಕಾಲ ಮೇಲೂ ಸುರಿಯಿತು. ಅಮ್ಮ ತನ್ನ ತುದಿಯನ್ನು ಇನ್ನೊಂದು ಸುತ್ತು ತಿರುಚಿದಳು.

"ನಾನು ಈ ಕೆಲಸಕ್ಕೆ ಸೇರೋವಾಗ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಸಿ ಹೊಟ್ಟೆ ಒತ್ತಿ ನೋಡಿದ್ರು," ಎಂದಳು. "ಬಸುರಿಯಾಗಿದ್ರೆ ಕೆಲಸ ಇಲ್ಲ. ಒಂದು ಪರದೆ ಕೂಡ ಇರಲಿಲ್ಲ."

"ನೀನು ಬೇಡ ಅನ್ನಲಿಲ್ವಾ ಅಮ್ಮ?"

"ಅಂದಿದ್ರೆ ನಿನ್ನ ಬಾಯಿಗೇನು ಹಾಕ್ತಿದ್ದೆ?"

"ಆಮೇಲೆ?"

"ಆಮೇಲೇನು, ಕೆಲಸ ಸಿಕ್ತು. ಒತ್ತಿದವನ ಮುಖ ಮರೆತೋಯ್ತು. ಕೈ ಮರೆತಿಲ್ಲ." ಅಮ್ಮ ಚಾದರ ಕೊಡವಿದಳು. "ಹೋಗು ಅಂತಾನೂ ಹೇಳಲ್ಲ ಮಗಾ, ಬೇಡ ಅಂತಾನೂ ಹೇಳಲ್ಲ. ಏನು ಹೇಳಿದ್ರೂ ನಾಳೆ ನನ್ನೇ ಬೈತೀಯ. ಆ ತುದಿ ಹಿಡ್ಕೋ."

ದಿಮ್ಮಿ ಹೆಲ್ತ್ ಸೆಂಟರಿಗೆ ಹೋದಳು. ಹೋಗಿ ಮುಗಿಸಿಬಿಡೋಣ ಎಂದೇ ಹೋದಳು. ಟ್ರಯಲ್ಸ್ ಬೇಕಿತ್ತು. ಸೀಟು ಬೇಕಿತ್ತು. ಕಣ್ಣು ಮುಚ್ಚಿ ಹಲ್ಲು ಕಚ್ಚಿದರೆ ಮುಗಿಯುತ್ತದೆ ಎಂದುಕೊಂಡಿದ್ದಳು. ಅವಳಿಗೆ ಮೈಯ ನಾಚಿಕೆ ಅಷ್ಟೇನೂ ಇರಲಿಲ್ಲ. ಪಂದ್ಯಗಳಲ್ಲಿ ತೂಕ ನೋಡುವಾಗ ಒಂದೊಂದು ಗುಲಗಂಜಿಯೂ ಲೆಕ್ಕ ಎಂದು ಎಷ್ಟೋ ಸಲ ಬಟ್ಟೆಯೆಲ್ಲ ಕಳಚಿ ತಕ್ಕಡಿ ಹತ್ತಿದ್ದಳು. ಅಲ್ಲಿ ತೂಕ ಮಾತ್ರ ನೋಡುತ್ತಿದ್ದರು, ಬರೆದುಕೊಳ್ಳುತ್ತಿದ್ದರು, ಇಳಿ ಅನ್ನುತ್ತಿದ್ದರು.

ಒಳಗೆ ಒಂದು ಮಂಚ, ಮೇಲೆ ರಬ್ಬರ್ ಶೀಟು. ಕೈಗವಸು ಹಾಕಿಕೊಳ್ಳುತ್ತಿದ್ದ ಡಾಕ್ಟರಮ್ಮ. ಕಿಟಕಿಯ ಪಕ್ಕ ವಾರ್ಡನ್. ವಾರ್ಡನ್ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ ಲಾಯರಮ್ಮ.

"ನೀನ್ಯಾಕೆ ಇಲ್ಲಿ?"

"ಯೂನಿಯನ್ ಕಡೆಯಿಂದ ಒಬ್ಬರು ಇರಲೇಬೇಕು ಅಂತ ನಾನೇ ಹಟ ಹಿಡ್ದೆ. ನಿನ್ನ ಪರವಾಗಿ ಕಣೇ. ಇವರು ಏನಾದ್ರೂ ಹೆಚ್ಚುಕಮ್ಮಿ ಮಾಡಿದ್ರೆ ನಾನು ಬಿಡಲ್ಲ."

"ಪ್ಯಾಂಟು ಬಿಚ್ಚಿ ಮಲ್ಕೋಮ್ಮ," ಎಂದರು ಡಾಕ್ಟರಮ್ಮ. "ಎಲ್ಲ ಹೆಂಗಸರೇ ಇರೋದು."

ದಿಮ್ಮಿ ಲಾಡಿಗೆ ಕೈ ಹಾಕಿದಳು. ಗಂಟು ಸಡಿಲವಾಯಿತು. ಎದುರಿಗೆ ಲಾಯರಮ್ಮ ಮುಖ ಪಕ್ಕಕ್ಕೆ ತಿರುಗಿಸಿದಳು. ನೋಡುವುದಿಲ್ಲ, ನೀನು ನಾಚಿಕೊಳ್ಳಬೇಡ ಎಂಬ ದೊಡ್ಡಸ್ತಿಕೆ ಅದರಲ್ಲಿತ್ತು. ದಿಮ್ಮಿಯ ಕೈ ಅಲ್ಲೇ ನಿಂತಿತು. ಗಂಟನ್ನು ಮತ್ತೆ ಬಿಗಿದಳು.

"ಬಿಚ್ಚಲ್ಲ."

"ಏನಂದೆ?" ವಾರ್ಡನ್ ಮುಂದೆ ಬಂದರು. "ಮುಚ್ಚಿಡೋಕೆ ಏನೂ ಇಲ್ದಿದ್ರೆ ತೋರಿಸೋಕೇನು ಕಷ್ಟ?"

"ನಿಮಗೂ ಮುಚ್ಚಿಡೋಕೆ ಏನಿಲ್ವಲ್ಲ ಮೇಡಂ. ಮೊದಲು ನೀವು ಮಲ್ಕೊಳ್ಳಿ. ಆಮೇಲೆ ಪ್ರೆಸಿಡೆಂಟ್ ಮಲ್ಕೊಳ್ಲಿ. ಗೇಟಲ್ಲಿರೋ ಗಾರ್ಡನ್ನೂ ಕರೀರಿ, ಅವನು ಗಂಡಸು ಅಂತ ಯಾರು ನೋಡಿದ್ದಾರೆ? ಎಲ್ಲರದ್ದೂ ಮುಗೀಲಿ. ಕೊನೇಲಿ ನಾನು."

ಡಾಕ್ಟರಮ್ಮ ಕೆಮ್ಮಿದಂತೆ ಮಾಡಿ ಕೈಗವಸು ಕಳಚಿದರು. ಲಾಯರಮ್ಮನ ಮುಖ ಕೆಂಪಾಗಿತ್ತು. "ಹುಚ್ಚಿ, ಇದೊಂದು ಮಾಡಿಸ್ಕೊಂಡ್ಬಿಡೇ. ಎಲ್ಲ ಕೈಗೆ ಬಂದಿದೆ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಯಾರ ಕೈಗೆ?" ಎಂದು ಕೇಳಿ ದಿಮ್ಮಿ ಹೊರಗೆ ಬಂದಳು.

ಸಂಜೆಯ ಹೊತ್ತಿಗೆ ತಂಡದ ಪಟ್ಟಿಯಿಂದ ಅವಳ ಹೆಸರು ಹೋಗಿತ್ತು. ತಿಂಗಳ ಕೊನೆಗೆ ರೂಮು ಖಾಲಿ ಮಾಡಬೇಕೆಂದು ವಾರ್ಡನ್ ಬಾಗಿಲಲ್ಲೇ ನಿಂತು ಹೇಳಿ ಹೋದರು. ಲಾಯರಮ್ಮ ಅಷ್ಟರಲ್ಲಿ ಪ್ರೆಸಿಡೆಂಟರಿಗೆಂದು ಕೊಡುವ ಬೇರೆ ರೂಮಿಗೆ ಹಾಸಿಗೆ ಸುತ್ತಿಕೊಂಡು ಹೋಗಿದ್ದಳು.

ತೂಕದ ಕೋಣೆ ಹೇಳಿದ ವಾರವೇ ತೆರೆಯಿತು. ಉದ್ಘಾಟನೆ, ಅದರ ಬೆನ್ನಿಗೇ ಅಲ್ಲೇ ಆಯ್ಕೆಯ ಟ್ರಯಲ್ಸ್. ಬಾಗಿಲಿಗೆ ರಿಬ್ಬನ್ನು. ಒಳಗೆ ಹೊಸ ಬಣ್ಣದ ವಾಸನೆ, ಹೊಸ ರಬ್ಬರಿನ ವಾಸನೆ. ಕೆಂಪು, ನೀಲಿ, ಹಳದಿ ಪ್ಲೇಟುಗಳನ್ನು ಗೋಡೆಗೆ ಒರಗಿಸಿ ಸಾಲಾಗಿ ಜೋಡಿಸಿದ್ದರು. ಕುಲಪತಿಗಳು ರಿಬ್ಬನ್ ಕತ್ತರಿಸಿ ಮುಂದಿನ ಸಾಲಿನಲ್ಲಿ ಕೂತರು. ಪಕ್ಕದಲ್ಲಿ ಡೈರೆಕ್ಟರ್. ಪ್ಲಾಟ್‌ಫಾರ್ಮಿನ ಎದುರಿಗೆ ತೀರ್ಪುಗಾರ್ತಿಯ ಮೇಜು. ಆಕೆ ಹೊರಗಿನಿಂದ ಬಂದವರು. ಒಂದು ಕಾಲದಲ್ಲಿ ತಾವೇ ಭಾರ ಎತ್ತಿದವರು ಎಂದು ಮಣಿಕಟ್ಟು ನೋಡಿದರೆ ಗೊತ್ತಾಗುತ್ತಿತ್ತು.

ಹುಡುಗಿಯರು ಗೋಡೆಗುಂಟ ಕಿಕ್ಕಿರಿದಿದ್ದರು. ದಿಮ್ಮಿ ಒಳಗೆ ಬಂದಾಗ ಯಾರೂ ತಡೆಯಲಿಲ್ಲ. ದಾರಿ ಬಿಟ್ಟರು. ತಾಗಬಾರದೆಂದು ಬಿಟ್ಟ ದಾರಿ ಅದು.

ಲಾಯರಮ್ಮ ಮೈಕ್ ಹಿಡಿದು ಮಾತಾಡುತ್ತಿದ್ದಳು. "ಈ ಕೋಣೆ ಯಾರೋ ಕೊಟ್ಟ ಭಿಕ್ಷೆ ಅಲ್ಲ. ಹೋರಾಡಿ ತಗೊಂಡಿದ್ದು. ಹೆಣ್ಣಿನ ಮೈ ದುರ್ಬಲ ಅನ್ನೋರಿಗೆ..."

ದಿಮ್ಮಿ ಸೊಂಟಕ್ಕೆ ಲಿಫ್ಟಿಂಗ್ ಬೆಲ್ಟು ಬಿಗಿದುಕೊಂಡು ನೇರ ಪ್ಲಾಟ್‌ಫಾರ್ಮಿಗೆ ಹೋದಳು. ಬಾರಿಗೆ ತಾನೇ ಪ್ಲೇಟು ಏರಿಸಿದಳು. ಈ ಬದಿಗೊಂದು, ಆ ಬದಿಗೊಂದು. ಮತ್ತೆ ಈ ಬದಿ, ಆ ಬದಿ. ಲೋಹದ ಸದ್ದಿಗೆ ಭಾಷಣ ಎಡವಿತು, ಆಮೇಲೆ ನಿಂತಿತು.

"ಯಾರು ಆ ಹುಡುಗಿ?" ಎಂದು ಕುಲಪತಿಗಳು ಕೇಳಿದ್ದು ಎಲ್ಲರಿಗೂ ಕೇಳಿಸಿತು. ಹುಡುಗಿ ಎಂಬ ಮಾತಿಗೆ ತಲೆಯಾಡಿಸುವುದೋ ಬೇಡವೋ ಡೈರೆಕ್ಟರರಿಗೆ ತಿಳಿಯಲಿಲ್ಲ.

ದಿಮ್ಮಿ ಬಗ್ಗಿದಳು. ಹಿಡಿದಳು. ಒಂದೇ ಎಳೆತಕ್ಕೆ ಬಾರು ಎದೆಗೆ ಬಂತು. ಕುಕ್ಕರಗಾಲಿನಿಂದ ಎದ್ದಳು. ಉಸಿರು ಕಟ್ಟಿದಳು. ಮಂಡಿ ಮಡಿಸಿ ಚಿಮ್ಮಿಸಿದಳು. ಬಾರು ತಲೆಯ ಮೇಲೆ ಹೋಯಿತು. ಹಿಂದಿನ ಕಾಲು ಮುಂದಿನ ಕಾಲಿಗೆ ಸೇರಿತು. ನಿಂತಳು.

ಈ ಆಟದಲ್ಲಿ ತಲೆಯ ಮೇಲೆ ಎತ್ತಿದರೆ ಸಾಲದು. ಅಲುಗದೆ ನಿಲ್ಲಬೇಕು. ನಿಂತದ್ದನ್ನು ನೋಡಿ ತೀರ್ಪುಗಾರರು ಕೈ ಕೆಳಗೆ ಮಾಡಬೇಕು. ಆಗ ಇಳಿಸಬೇಕು. ಅದಕ್ಕೆ ಮೊದಲು ಇಳಿಸಿದರೆ ಎತ್ತಿದ್ದು ಎತ್ತಿದಂತೆಯೇ ಅಲ್ಲ.

ದಿಮ್ಮಿ ತೀರ್ಪುಗಾರ್ತಿಯನ್ನೇ ನೋಡುತ್ತಾ ನಿಂತಳು. ಆಕೆಯ ಬಲಗೈ ಮೇಜಿನಿಂದ ಮೇಲೆದ್ದಿತು. ಅಭ್ಯಾಸಬಲ. ಅಷ್ಟರಲ್ಲಿ ಡೈರೆಕ್ಟರ್ ಗಂಟಲು ಸರಿಮಾಡಿಕೊಂಡರು. ಕೈ ಗಾಳಿಯಲ್ಲಿ ತಡೆಯಿತು. ಆಮೇಲೆ ಸನ್ನೆ ಕೊಡದೆ ಮೆಲ್ಲಗೆ ಮಡಿಲಿಗೆ ಜಾರಿ ಇನ್ನೊಂದು ಕೈಯ ಕೆಳಗೆ ಸೇರಿಕೊಂಡಿತು. ಆಕೆ ಮುಂದಿದ್ದ ಕಾಗದ ನೋಡತೊಡಗಿದರು.

ದಿಮ್ಮಿ ಇಳಿಸಲಿಲ್ಲ. ಮೊಣಕೈ ಬೀಗ ಹಾಕಿದಂತೆ ನಿಂತಿತ್ತು. ತೋಳಿನ ನರಗಳು ಹಗ್ಗವಾದವು. ಕುತ್ತಿಗೆಯ ಬೆವರು ಬೆನ್ನಿಗಿಳಿಯಿತು. ಕೋಚ್ ಸರ್ ಎಲ್ಲಿದ್ದಾರೆಂದು ಕಣ್ಣು ಹುಡುಕಿತು. ಅವರು ಬಾಗಿಲ ಬಳಿ ಫೋನ್ ಕಿವಿಗಿಟ್ಟುಕೊಂಡಿದ್ದರು.

ಲಾಯರಮ್ಮ ಮೈಕ್ ಸಮೇತ ಹತ್ತಿರ ಬಂದಳು. "ಇಳಿಸೇ. ಸಾಕು. ತೋಳು ಮುರ್ಕೋತೀಯ." ಮೈಕಿನಲ್ಲಿ ಅದು ಕೋಣೆಗೆಲ್ಲ ಕೇಳಿಸಿತು.

"ಡೈರೆಕ್ಟರಿಗೆ ಹೇಳಿದ್ದನ್ನ ಇಲ್ಲೂ ಹೇಳು," ಎಂದಳು ದಿಮ್ಮಿ. ಒಂದೊಂದು ಮಾತಿಗೂ ಒಂದೊಂದು ಉಸಿರು ಬೇಕಾಯಿತು. "ಈ ರೂಮಿಗೆ ಏನು ಕೊಟ್ಟೆ, ಹೇಳು. ಎಲ್ಲ ಹುಡುಗೀರೂ ಇದ್ದಾರೆ. ಮೈಕೂ ಇದೆ."

ಲಾಯರಮ್ಮನ ತುಟಿ ತೆರೆಯಿತು. ಒಂದು ಊರಿಗೆ ಸಾಲುವ ಬಾಯಿ ಅದು. ಅವಳ ಹೆಬ್ಬೆರಳು ಸರಿದು ಮೈಕನ್ನು ಆರಿಸಿತು. ಟಕ್ ಎಂದ ಸಣ್ಣ ಸದ್ದು.

ದಿಮ್ಮಿ ಬಾರು ಬಿಟ್ಟಳು. ಹೊಸ ನೆಲ ನಡುಗಿತು. ಮುಂದಿನ ಸಾಲಿನವರು ಕಾಲು ಎಳೆದುಕೊಂಡರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ಬೈಯಲೂ ಇಲ್ಲ.

"ಮುಂದಿನವರು ಬನ್ನಿ," ಎಂದರು ಡೈರೆಕ್ಟರ್, ಏನೂ ಆಗಿಲ್ಲವೆಂಬಂತೆ.

ದಿಮ್ಮಿ ಪ್ಲಾಟ್‌ಫಾರ್ಮಿನ ಮಧ್ಯೆ, ಬಾರಿನ ಮೇಲೆ ಕೂತಳು.

ಮುಂದಿನವಳು ಕಡ್ಡಿ. ಅಂಗೈಗೆ ಚಾಕ್ ಪುಡಿ ಹಚ್ಚಿಕೊಂಡು ತುದಿಗೆ ಬಂದು ನಿಂತಿದ್ದಳು. ಒಂದು ಸಲ ಡೈರೆಕ್ಟರರ ಕಡೆ ನೋಡಿದಳು, ಒಂದು ಸಲ ನೆಲದ ಕಡೆ. ಅಳು ಬರುವಂತಾಗಿತ್ತು ಅವಳಿಗೆ. "ಅಕ್ಕಾ, ನನ್ನ ಟರ್ನು. ಎದ್ದೇಳಕ್ಕಾ, ಪ್ಲೀಸ್," ಎಂದಳು.

ಕೊಚ್ಚೆಯಲ್ಲಿ ಇವಳ ಪಾಲಿನ ಪ್ಲೇಟನ್ನೂ ಎಷ್ಟೋ ದಿನ ದಿಮ್ಮಿಯೇ ಹೊತ್ತಿದ್ದಳು. ಅದನ್ನು ಬಾಯಿಬಿಟ್ಟು ಹೇಳಲು ಮನಸ್ಸಾಗಲಿಲ್ಲ. "ಗೊತ್ತು ಕಣೇ," ಎಂದಳಷ್ಟೇ. ಏಳಲಿಲ್ಲ.

ಡೈರೆಕ್ಟರ್ ಬಾಗಿಲ ಕಡೆ ಕೈ ಮಾಡಿದರು. ಲಾಯರಮ್ಮ ಗಾಬರಿಯಿಂದ ದಿಮ್ಮಿಯ ಎದುರು ಕುಕ್ಕರಗಾಲಲ್ಲಿ ಕೂತಳು. ಇಸ್ತ್ರಿ ಮಾಡಿದ ಅಂಗಿಯ ಕಂಕುಳು ಬೆವರಿನಿಂದ ಒದ್ದೆಯಾಗಿತ್ತು. "ಎಲ್ಲ ಹಾಳು ಮಾಡಬೇಡ್ವೇ," ಎಂದು ಬೇಡಿದಳು. "ನಿನಗೋಸ್ಕರ ತಂದ ರೂಮು ಕಣೇ ಇದು."

"ಹಾಗಾದ್ರೆ ನಾನು ಇಲ್ಲೇ ಇರ್ತೀನಿ," ಎಂದಳು ದಿಮ್ಮಿ.

ಬಾಗಿಲಲ್ಲಿ ಗಾರ್ಡುಗಳ ಬೂಟಿನ ಸದ್ದು ಕೇಳಿಸಿತು. ಅವಳು ಸೊಂಟದ ಬೆಲ್ಟನ್ನು ಒಂದು ತೂತು ಬಿಗಿ ಮಾಡಿಕೊಂಡಳು.